ಬಂದವರ ಕೈಗೆ ಏನು ಸಿಗುತ್ತೆ?

ಸಮಾರಂಭದ ಬಗ್ಗೆ ಮಾತಾಡಲು ಬರುವವರು ಕೂತ ಕೂಡಲೇ ಫೋನ್ ತೆಗೆಯುತ್ತಾರೆ. ಅದರಲ್ಲಿ ಒಂದು ರಾಶಿ ಫೋಟೋ ಸೇವ್ ಆಗಿರುತ್ತದೆ. "ಮೇಡಂ, ಬ್ಯಾಕ್‌ಡ್ರಾಪ್ ಹೀಗೇ ಬೇಕು. ಈ ಲೈಟಿಂಗ್ ನೋಡಿ. ಹೂವು ಮಾತ್ರ ಇದೇ ಬಣ್ಣ." ಆಮೇಲೆ ವಾಲಗದವರು ಯಾರು, ಅಡುಗೆಗೆ ಯಾವ ಭಟ್ಟರು, ಸ್ವೀಟು ಎಷ್ಟು ಬಗೆ. ಕಣ್ಣು, ಕಿವಿ, ನಾಲಿಗೆ ಮೂರಕ್ಕೂ ವ್ಯವಸ್ಥೆ ಆಯಿತು. ಮಲ್ಲಿಗೆ ಇದೆ, ಒಗ್ಗರಣೆ ಇದೆ, ಮೂಗಿಗೂ ಮೋಸ ಇಲ್ಲ. ಚರ್ಮವನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ.

ಮೈಸೂರಿನಲ್ಲಿ ಚಿಕ್ಕಪುಟ್ಟ ಸಮಾರಂಭಗಳ ಉಸ್ತುವಾರಿ ನನ್ನ ಕೆಲಸ. ನಾಮಕರಣ, ಸೀಮಂತ, ಗೃಹಪ್ರವೇಶ, ಅರವತ್ತರ ಶಾಂತಿ, ನಡುವೆ ಒಂದೊಂದು ಮದುವೆ. ಜನ ಮುನ್ನೂರು ದಾಟುತ್ತಾರೆ ಅಂದರೆ ನಾನು ಒಪ್ಪಿಕೊಳ್ಳುವುದಿಲ್ಲ. ಅಷ್ಟು ಜನರ ಮೇಲೆ ಕಣ್ಣಿಡುವುದು ನನ್ನಿಂದಾಗದು. ಎಲ್ಲ ಫೋಟೋ ನೋಡಿ ಮುಗಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಬಂದವರ ಕೈಗೆ ಏನು ಸಿಗುತ್ತೆ? ರಿಟರ್ನ್ ಗಿಫ್ಟ್ ಬಗ್ಗೆ ಕೇಳುತ್ತಿದ್ದೇನೆ ಅಂದುಕೊಂಡು ಬಜೆಟ್ ಹೇಳಿಬಿಡುತ್ತಾರೆ. ನಾನು ಕೇಳಿದ್ದು ಅದಲ್ಲ. ಗೇಟಿನಿಂದ ಒಳಗೆ ಬಂದು ಮತ್ತೆ ಚಪ್ಪಲಿ ಮೆಟ್ಟುವವರೆಗೆ ಅವರ ಬೆರಳು, ಅಂಗೈ, ಪಾದ, ಬೆನ್ನು ಏನನ್ನೆಲ್ಲ ಮುಟ್ಟುತ್ತವೆ ಅಂತ.

ಬೆರಳ ತುದಿ ಸಾಮಾನ್ಯದ್ದಲ್ಲ. ಎರಡು ಮೊನೆಗಳ ನಡುವೆ ಎರಡು ಮೂರು ಮಿಲಿಮೀಟರ್ ಅಂತರ ಇದ್ದರೂ ಸಾಕು, ಅವು ಎರಡು ಬೇರೆ ಬೇರೆ ಮೊನೆ ಅಂತ ಅದಕ್ಕೆ ತಿಳಿಯುತ್ತದೆ. ಬೆನ್ನಿಗೆ ಇದೇ ತಿಳಿಯಬೇಕಾದರೆ ಸುಮಾರು 4 ಸೆಂಟಿಮೀಟರ್ ಅಂತರ ಬೇಕು. ಸ್ವೀಡನ್ನಿನ ಕೆಟಿಎಚ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ 13 ನ್ಯಾನೋಮೀಟರ್ ಎತ್ತರದ ಗೆರೆಗಳಿರುವ ಮೇಲ್ಮೈಗೂ ಪೂರ್ತಿ ನುಣುಪಾದ ಮೇಲ್ಮೈಗೂ ಇರುವ ವ್ಯತ್ಯಾಸವನ್ನು ಜನ ಬೆರಳಾಡಿಸಿಯೇ ಹೇಳಿದರು. ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿ ಒಂದು ಪಾಲು ತೆಗೆದರೆ ಎಷ್ಟೋ ಅಷ್ಟು ಎತ್ತರ. ಕಣ್ಣಿಗೆ ಕಾಣುವ ಮಾತೇ ಇಲ್ಲ.

ನೆನಪಿನ ಬಗ್ಗೆಯೂ ಒಂದು ಪ್ರಯೋಗ ಇದೆ. ಹುಟ್‌ಮಾಕರ್ ಮತ್ತು ಕುಬಾಂಡ್ನರ್ ಎಂಬ ಜರ್ಮನಿಯ ಇಬ್ಬರು ಮನಃಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ್ದು. ಕಣ್ಣಿಗೆ ಬಟ್ಟೆ ಕಟ್ಟಿಸಿ 168 ದಿನಬಳಕೆಯ ವಸ್ತುಗಳನ್ನು ಒಂದಾದ ಮೇಲೆ ಒಂದರಂತೆ ಕೈಗೆ ಕೊಟ್ಟರು. ಒಂದೊಂದಕ್ಕೆ 10 ಸೆಕೆಂಡ್ ಅಷ್ಟೇ. ಆಮೇಲೆ ಅದೇ ವಸ್ತುವನ್ನೂ ಅದೇ ಬಗೆಯ ಇನ್ನೊಂದನ್ನೂ ಕೊಟ್ಟು, ನೀವು ಮೊದಲು ಮುಟ್ಟಿದ್ದು ಯಾವುದು ಅಂತ ಕೇಳಿದರು. ನೂರಕ್ಕೆ 94 ಸರಿ ಉತ್ತರ ಬಂತು. ವಾರ ಕಳೆದು ಕೇಳಿದಾಗಲೂ ನೂರಕ್ಕೆ ಎಂಬತ್ತು ದಾಟಿತ್ತು. ಮನೆಯಲ್ಲಿ ಬಳಸುವ ಸಾಮಾನಿನ ಮೇಲೆ ಮಾಡಿದ ಪ್ರಯೋಗ ಅದು. ಅದನ್ನೇ ಹಿಡಿದುಕೊಂಡು ಮದುವೆಮನೆಗೆ ಸೂತ್ರ ಬರೆಯಲು ನಾನು ಹೋಗುವುದಿಲ್ಲ. ಆದರೆ ನೀವೇ ಯೋಚಿಸಿ ನೋಡಿ. ಚಿಕ್ಕಂದಿನಲ್ಲಿ ಹೋದ ಯಾವುದಾದರೂ ಮದುವೆಯ ಮಂಟಪದ ಬಣ್ಣ ನೆನಪಿದೆಯಾ? ಪನ್ನೀರು ಮುಖಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡಿದ್ದು ನೆನಪಿರುತ್ತದೆ. ಚಾಪೆಯ ಮೇಲೆ ಕೂತು ಎದ್ದಾಗ ಮೊಣಕಾಲಿನ ಮೇಲೆ ಗೆರೆ ಮೂಡಿದ್ದು. ಎಲೆಯಿಂದ ಸಾರು ಹರಿದು ಬಂದು ತೊಡೆ ಸುಟ್ಟಿದ್ದು.

ನಮ್ಮ ಕಡೆ ಹಳೆಯ ಕ್ರಮದ ಸಮಾರಂಭಗಳಲ್ಲಿ ಚರ್ಮಕ್ಕೆ ಬೇಕಾದಷ್ಟು ಕೆಲಸ ಇತ್ತು. ಬಂದವರಿಗೆ ಕಾಲಿಗೆ ನೀರು. ಕುಡಿಯಲು ಬೆಲ್ಲ, ನೀರು. ಅರಿಶಿನ ಕುಂಕುಮ, ಹೂವು, ಮುಂಗೈಗೆ ಗಂಧ. ಈ ಗಂಧದ ವಿಷಯ ನನಗೆ ವಿಶೇಷ ಇಷ್ಟ. ನಮ್ಮ ಚರ್ಮದಲ್ಲಿ, ಅದರಲ್ಲೂ ರೋಮ ಇರುವ ಕಡೆ, ಮೆಲ್ಲಗೆ ಸವರಿದರೆ ಮಾತ್ರ ಚೆನ್ನಾಗಿ ಸ್ಪಂದಿಸುವ ಒಂದು ಬಗೆಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಹಿಡಿಸುತ್ತದೆ. ಅದಕ್ಕಿಂತ ಜೋರಾಗಿ ಉಜ್ಜಿದರೂ, ಸುಮ್ನೆ ಒತ್ತಿ ಹಿಡಿದರೂ ಅವು ಅಷ್ಟಾಗಿ ಓಗೊಡುವುದಿಲ್ಲ. ತೇದ ಗಂಧವನ್ನು ಎರಡು ಬೆರಳಲ್ಲಿ ತೆಗೆದು ಮುಂಗೈಗೆ ಹಚ್ಚುವ ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದಕ್ಕಿಂತ ಬೇಗ ಹಚ್ಚಲು ಆಗುವುದೇ ಇಲ್ಲ, ಗಂಧ ಸಿಡಿಯುತ್ತದೆ. ಈಗ ಗೇಟಿನಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ನಾಲ್ಕು ಹುಡುಗಿಯರು ನಿಂತು ಅತ್ತರು ಸ್ಪ್ರೇ ಮಾಡುತ್ತಾರೆ. ಅವರನ್ನು ದೂರುತ್ತಿಲ್ಲ, ಗಂಟೆಗಟ್ಟಲೆ ನಿಲ್ಲುವ ಕೆಲಸ ಪಾಪ. ಆದರೆ ಆ ಸ್ಪ್ರೇ ಯಾರ ಮೈಗೂ ತಾಗುವುದಿಲ್ಲ.

ಅಕ್ಷತೆಯನ್ನೇ ತೆಗೆದುಕೊಳ್ಳಿ. ಹತ್ತು ಕಾಳು ಅಕ್ಕಿ, ಒಂದಿಷ್ಟು ಅರಿಶಿನ. ಅದನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಮೇಳಕ್ಕೆ ಕಾಯುವ ಎರಡು ನಿಮಿಷ ಇದೆಯಲ್ಲ, ಆ ಎರಡು ನಿಮಿಷ ಇಡೀ ಛತ್ರ ಒಂದೇ ಕೆಲಸದಲ್ಲಿ ಇರುತ್ತದೆ. ಕೊನೆ ಸಾಲಿನಲ್ಲಿ ಕೂತ, ಮದುಮಕ್ಕಳ ಮುಖ ಕೂಡ ಕಾಣದ ಅಜ್ಜಿಯ ಕೈಯಲ್ಲೂ ಅದೇ ಅಕ್ಕಿ. ಈಗ ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನು. ಫೋನ್ ಹಿಡಿದ ಕೈಯಿಂದ ಅಕ್ಷತೆ ಹಾಕಲು ಬರುವುದಿಲ್ಲ. ವೇದಿಕೆಯ ಎರಡೂ ಪಕ್ಕ ಕಿಡಿ ಹಾರಿಸುವ ಮೆಷಿನ್ ಇಟ್ಟಿರುತ್ತಾರೆ, ಹೂವಿನ ಪಕಳೆ ಊದುವ ಮೆಷಿನ್ ಬೇರೆ. ಬಂದವರ ಕೆಲಸವನ್ನು ಮೆಷಿನ್ನೇ ಮಾಡಿ ಮುಗಿಸುತ್ತದೆ.

ನನ್ನ ಕಾರ್ಯಕ್ರಮಗಳಲ್ಲಿ ಅಕ್ಷತೆ ತಟ್ಟೆ ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಹೊರಡುತ್ತದೆ. ಅದಕ್ಕಿಂತ ಮೊದಲೇ ಕೊಟ್ಟರೆ ಬೆವರಿಗೆ ಅಂಟಿ ಕಿರಿಕಿರಿಯಾಗುತ್ತದೆ, ಜನ ಮೆಲ್ಲಗೆ ಕುರ್ಚಿ ಕೆಳಗೆ ಬಿಟ್ಟುಬಿಡುತ್ತಾರೆ. ಅಕ್ಕಿಯನ್ನು ಹಿಂದಿನ ರಾತ್ರಿಯೇ ಕಲಸಿ ಪೇಪರಿನ ಮೇಲೆ ಹರಡಿ ಒಣಗಿಸಬೇಕು. ಅವಸರಕ್ಕೆ ನೀರು ಜಾಸ್ತಿ ಹಾಕಿ ಕಲಸಿದರೆ ಉಂಡೆಯಾಗುತ್ತದೆ, ರೇಷ್ಮೆ ಸೀರೆಗೆ ಬಣ್ಣ ಹತ್ತುತ್ತದೆ. ಹತ್ತಿದ ಬಣ್ಣವನ್ನೂ ಜನ ಮರೆಯುವುದಿಲ್ಲ, ಬಿಡಿ.

ಹಳೇ ಮೈಸೂರು ಕಡೆಯ ಎಷ್ಟೋ ಮದುವೆಗಳಲ್ಲಿ ಧಾರೆಗೆ ಬಂದವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಹುಡುಗ ಹುಡುಗಿಯ ಕೈ ಸೇರಿಸಿ ತೆಂಗಿನಕಾಯಿ ಇಟ್ಟಿರುತ್ತಾರೆ. ಒಬ್ಬೊಬ್ಬರೇ ಬಂದು ಗಿಂಡಿಯಿಂದ ಅದರ ಮೇಲೆ ಹಾಲು ಎರೆಯಬೇಕು. "ಇದಕ್ಕೆ ಟೈಮ್ ಹಿಡಿಯುತ್ತೆ, ಮನೆಯವರಷ್ಟೇ ಎರೆಯಲಿ" ಅಂತ ಹೇಳುವವರು ಜಾಸ್ತಿ ಆಗಿದ್ದಾರೆ. ನಾನು ಜಗಳ ಆಡುತ್ತೇನೆ. ರಿಸೆಪ್ಷನ್ನಿಗೆ ಅಂತ ಕ್ಯೂ ನಿಂತು, ವೇದಿಕೆ ಹತ್ತಿ, ಕ್ಯಾಮೆರಾ ನೋಡಿ ನಕ್ಕು ಇಳಿಯಲು ಎರಡು ಗಂಟೆ ಕೊಡುತ್ತೀರಿ. ಹಾಲು ಎರೆಯಲು ಅರ್ಧ ಗಂಟೆ ಕೊಡಲು ಆಗುವುದಿಲ್ಲವಾ? ಗಿಂಡಿಗೆ ಒಂದು ತೂಕ ಇದೆ. ಜಾಸ್ತಿ ಬಗ್ಗಿಸಿದರೆ ಹಾಲು ಧುಮುಕುತ್ತದೆ, ಕಮ್ಮಿ ಬಗ್ಗಿಸಿದರೆ ಮೂತಿಯಲ್ಲೇ ನಿಲ್ಲುತ್ತದೆ. ಕೈ ನಡುಗುವ ಹಿರಿಯರಿಗೆ ಪಕ್ಕದಲ್ಲಿರುವ ಮೊಮ್ಮಗ ಗಿಂಡಿಯ ಅಡಿಗೆ ಕೈ ಕೊಡುತ್ತಾನೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿ ಅನ್ನುವ ಮೂತಿ ಇರುವ ಪಾತ್ರೆಯಿಂದ ಹಾಲು ಕುಡಿಸಿ ಹರಸುತ್ತಾರೆ. ಅಲ್ಲಿ ಬಂದವರು ಸುಮ್ನೆ ನೋಡಿಕೊಂಡು ಹೋಗಲು ಆಗುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಮದುವೆ ಅಂದರೆ ಹಾಗೆ ಇರಬೇಕು.

ನನಗೆ ಬಹಳ ಖುಷಿ ಕೊಡುವ ಕೆಲಸ ಸೀಮಂತ, ಬಳೆಗಾರರ ದೆಸೆಯಿಂದ. ಗಾಜಿನ ಬಳೆ ತೊಡಿಸುವುದು ಗೊತ್ತಿರುವವರು ಈಗ ಅಪರೂಪ ಆಗುತ್ತಿದ್ದಾರೆ. ದೇವರಾಜ ಮಾರ್ಕೆಟ್ಟಿನ ಕಡೆ ಒಬ್ಬರನ್ನು ಹಿಡಿದಿಟ್ಟುಕೊಂಡಿದ್ದೇನೆ, ತಿಂಗಳ ಮೊದಲೇ ದಿನ ಹೇಳಬೇಕು. ಅವರು ಕೈ ನೋಡಿ ಅಳತೆ ಹೇಳುವುದಿಲ್ಲ, ಹಿಡಿದು ಹೇಳುತ್ತಾರೆ. "ಎರಡು ಆರು ಅಂದ್ರಾ? ಇಲ್ಲ ತಾಯಿ, ನಿಮ್ಮದು ಎರಡು ನಾಲ್ಕು ಹೋಗುತ್ತೆ." ಎರಡು ನಾಲ್ಕು ಅಂದರೆ ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರನೇ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು ಅಗಲ. ಅಷ್ಟು ಚಿಕ್ಕ ಬಳೆಯೊಳಗೆ ಇಷ್ಟು ದೊಡ್ಡ ಕೈ ಹೇಗೆ ಹೋದೀತು ಅಂತ ಎಲ್ಲರಿಗೂ ಅನುಮಾನ. ಅವರು ಎಡಗೈಯಲ್ಲಿ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತಾರೆ. ಬಲಗೈ ಹೆಬ್ಬೆರಳಿನಿಂದ ನಮ್ಮ ಹೆಬ್ಬೆರಳಿನ ಬುಡದ ಮಾಂಸವನ್ನು ಅಂಗೈ ಒಳಗೆ ಒತ್ತುತ್ತಾರೆ. "ಕೈ ಬಿಡಿ, ಸಡಿಲ ಬಿಡಿ." ನಾವು ಬಿಟ್ಟಿದ್ದೇವೆ ಅಂದುಕೊಂಡಿರುತ್ತೇವೆ, ಬಿಟ್ಟಿರುವುದಿಲ್ಲ. ಅವರು ಏನೋ ಕೇಳುತ್ತಾರೆ, ಯಾವ ಊರು, ಎಷ್ಟು ಮಕ್ಕಳು. ಉತ್ತರ ಹೇಳುವಷ್ಟರಲ್ಲಿ ಗೆಣ್ಣು ದಾಟಿ ಬಳೆ ಮಣಿಕಟ್ಟಿಗೆ ಬಿದ್ದಿರುತ್ತದೆ. ಗಾಜು ಮೊದಲಿಗೆ ತಣ್ಣಗಿರುತ್ತದೆ. ಎರಡು ಡಜನ್ ಆಗುವಷ್ಟರಲ್ಲಿ ಕೈಯ ಬಿಸಿಗೆ ಅದೂ ಬೆಚ್ಚಗಾಗಿರುತ್ತದೆ.

ಆಮೇಲೆ ಅರ್ಧ ದಿನ ಆ ಕೈ ಸುಮ್ನೆ ಇರುವುದಿಲ್ಲ. ನೀರು ಕುಡಿದರೆ ಶಬ್ದ, ಎಲೆ ಮುಂದೆ ಕೂತರೆ ಶಬ್ದ. ಒಬ್ಬರಿಗೊಬ್ಬರು ಪರಿಚಯ ಇಲ್ಲದ ಹುಡುಗನ ಕಡೆ ಹುಡುಗಿಯ ಕಡೆ ಹೆಂಗಸರು ಪರಸ್ಪರ ಕೈ ಹಿಡಿದು ಬಳೆ ನೋಡಲು ಶುರು ಮಾಡುತ್ತಾರೆ. ಯಾವ ಐಸ್‌ಬ್ರೇಕರ್ ಗೇಮ್ ಕೂಡ ಇಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಬಳೆಗಾರರಿಗೆ ನಾನು ಮಾಡುವುದು ಮೂರೇ ವ್ಯವಸ್ಥೆ. ಮೂಲೆಯಲ್ಲಿ ಕೂರಿಸುವುದಿಲ್ಲ, ಬಾಗಿಲಿನ ಹತ್ತಿರ ಕಂಬಳಿ ಹಾಸಿ ಜಾಗ ಕೊಡುತ್ತೇನೆ. ಒಂದು ಫ್ಯಾನ್, ಬೆವತ ಕೈಗೆ ಬಳೆ ಹತ್ತುವುದಿಲ್ಲ. ಊಟವನ್ನು ಮೊದಲ ಪಂಕ್ತಿಯಲ್ಲೇ ಹಾಕಿಸುತ್ತೇನೆ, ಕೊನೆಯಲ್ಲಿ ಉಳಿದದ್ದನ್ನಲ್ಲ.

ಇದನ್ನೆಲ್ಲ ಬರೆಯುವಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. "ನಮ್ಮ ಹಿರಿಯರಿಗೆ ಸ್ಪರ್ಶದ ಬೆಲೆ ಗೊತ್ತಿತ್ತು" ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗೊತ್ತಿತ್ತು, ನಿಜ. ಗೊತ್ತಿದ್ದರಿಂದಲೇ ಯಾರನ್ನು ಮುಟ್ಟಬಾರದು, ಯಾರ ಅಂಗೈಗೆ ನೀರನ್ನು ಎತ್ತರದಿಂದ ಹುಯ್ಯಬೇಕು, ಯಾರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಬೇಕು ಅಂತಲೂ ಅಷ್ಟೇ ಕಟ್ಟುನಿಟ್ಟಾಗಿ ನಿಯಮ ಮಾಡಿದ್ದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆದರೂ ಶಾಮಿಯಾನ ಕಟ್ಟಿದ ಹುಡುಗರಿಗೆ ಒಳಗಿನ ಸ್ಟೀಲ್ ಲೋಟದ ಬದಲು ಪೇಪರ್ ಕಪ್ಪಿನಲ್ಲಿ ಕಾಫಿ ಕಳಿಸಿ ಅಂತ ಪಿಸುಗುಡುವವರನ್ನು ನಾನು ಇಂದಿಗೂ ನೋಡುತ್ತೇನೆ. ಹಾಗೆ ಹೇಳಿದವರಿಗೆ ನನ್ನ ಉತ್ತರ ಒಂದೇ, ಹಾಗಾದರೆ ಎಲ್ಲರಿಗೂ ಪೇಪರ್ ಕಪ್ಪೇ ತರಿಸುತ್ತೇನೆ, ನಿಮಗೂ. ಆಗ ಸ್ಟೀಲ್ ಲೋಟ ತಾನೇ ತಾನಾಗಿ ಹೊರಗೆ ಹೋಗುತ್ತದೆ.

ಬಳೆಯದೂ ಅಷ್ಟೇ. ಗಂಡ ತೀರಿಕೊಂಡವರು ಸೀಮಂತಕ್ಕೆ ಬಂದರೆ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಬಳೆಗಾರರ ಕಡೆ ಹೋಗುವುದಿಲ್ಲ, ಕುಂಕುಮದ ತಟ್ಟೆ ಅವರನ್ನು ದಾಟಿ ಹೋಗುತ್ತದೆ. ಇಡೀ ದಿನ ಅವರೊಬ್ಬರ ಕೈ ಮಾತ್ರ ಖಾಲಿ. ಎಷ್ಟೋ ಸಲ ಅವರು ಹುಡುಗಿಯ ಸ್ವಂತ ಅಜ್ಜಿ, ಹೆತ್ತ ತಾಯಿ ಆಗಿರುತ್ತಾರೆ. ನಾನು ಮೊದಲ ಮಾತುಕತೆಯಲ್ಲೇ ಕೇಳಿಬಿಡುತ್ತೇನೆ, ಬಳೆ ಎಲ್ಲರಿಗೂ ತಾನೇ? ಕೆಲವರು ತಕ್ಷಣ ಹೂಂ ಅನ್ನುತ್ತಾರೆ. ಕೆಲವರು "ಅವರೇ ಬೇಡ ಅಂತಾರೆ" ಅನ್ನುತ್ತಾರೆ. ಅವರನ್ನು ಒಮ್ಮೆ ಕೇಳಿ ನೋಡಿ ಅಂತ ಹೇಳಿ ಬಿಡುತ್ತೇನೆ. ಅದಕ್ಕಿಂತ ಮುಂದೆ ಹೋಗುವುದು ನನ್ನ ಕೆಲಸವಲ್ಲ ಅನ್ನುವವರೂ ಇದ್ದಾರೆ. ಇರಲಿ.

ಇನ್ನು ಮೈಗೆ ಕಿರಿಕಿರಿ ಮಾಡುವ ಸಂಗತಿಗಳು. ಚೆನ್ನಾಗಿರುವುದನ್ನು ಸೇರಿಸುವ ಮೊದಲು ಇವನ್ನು ತೆಗೆಯಬೇಕು. ಕುರ್ಚಿಗೆ ಹಾಕುವ ಸ್ಯಾಟಿನ್ ಕವರ್ ನನ್ನ ದೊಡ್ಡ ಶತ್ರು. ಫೋಟೋದಲ್ಲಿ ಚೆಂದ. ರೇಷ್ಮೆ ಸೀರೆ ಉಟ್ಟು ಅದರ ಮೇಲೆ ಕೂತರೆ ಜಾರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಹಿಂದೆ ಸರಿದು ಕೂರಬೇಕು. ವಯಸ್ಸಾದವರಿಗೆ ಏಳುವಾಗ ಹಿಡಿಯಲು ಕೈ ಇಲ್ಲದ ಕುರ್ಚಿ ಇನ್ನೊಂದು ಕಷ್ಟ. ಮುಂದಿನ ಎರಡು ಸಾಲು ಸೋಫಾ ಹಾಕುತ್ತಾರೆ, ಅದು ಎಷ್ಟು ತಗ್ಗಾಗಿರುತ್ತದೆ ಅಂದರೆ ಅದರಲ್ಲಿ ಕೂತ ತಾತನನ್ನು ಎಬ್ಬಿಸಲು ಇಬ್ಬರು ಬೇಕು. ಡೆಕೋರೇಷನ್ನಿನವರು ತರುವ ಸ್ಯಾಂಪಲ್ ಕುರ್ಚಿಯಲ್ಲಿ ನಾನು ಸೀರೆ ಉಟ್ಟುಕೊಂಡೇ ಕಾಲು ಗಂಟೆ ಕೂರುತ್ತೇನೆ. ಅವರಿಗೆ ನಗು. ನಗಲಿ.

ಬೆಳಗಿನ ಜಾವದ ಮುಹೂರ್ತ, ಎಸಿ ಹಾಲ್, ಸ್ಟೀಲ್ ಕುರ್ಚಿ. ಈ ಮೂರು ಸೇರಿದರೆ ಮುಗಿಯಿತು. ಸ್ಟೀಲೂ ಮರವೂ ಒಂದೇ ಕೋಣೆಯಲ್ಲಿ ಒಂದೇ ಉಷ್ಣತೆಯಲ್ಲಿ ಇರುತ್ತವೆ. ಆದರೆ ಸ್ಟೀಲ್ ನಮ್ಮ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನಕ್ಕೆ. ಚರ್ಮಕ್ಕೆ ಗೊತ್ತಾಗುವುದು ತನ್ನ ಬಿಸಿ ಎಷ್ಟು ಬೇಗ ಹೋಗುತ್ತಿದೆ ಅನ್ನುವುದು. ಹಾಗಾಗಿ ಸ್ಟೀಲ್ ಕೊರೆಯುತ್ತದೆ. ಇದಕ್ಕೆ ಪರಿಹಾರ ಬಹಳ ಸುಲಭ. ಒಂದು ಹತ್ತಿ ಟವೆಲ್.

ಕಾಫಿಯದು ಇದಕ್ಕೆ ತಿರುಗುಮುರುಗು. ತೆಳು ಪೇಪರ್ ಕಪ್ಪಿನಲ್ಲಿ ಹಬೆಯಾಡುವ ಕಾಫಿ ಕೊಡುತ್ತಾರೆ, ಹಿಡಿಯಲು ಜಾಗ ಇಲ್ಲ. ಎರಡು ಬೆರಳಲ್ಲಿ ಅಂಚು ಹಿಡಿದು, ಕೈ ಬದಲಿಸಿ, ಕೊನೆಗೆ ಕುರ್ಚಿ ಕೆಳಗೆ ಇಡುತ್ತೇವೆ, ಯಾರೋ ಒದೆಯುತ್ತಾರೆ. 2021ರ ವೈದ್ಯಕೀಯ ನೊಬೆಲ್ ಬಂದದ್ದು ಬಿಸಿ ಮತ್ತು ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆ ಅಂತ ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ. ಜೂಲಿಯಸ್ ಹುಡುಕಾಟಕ್ಕೆ ಬಳಸಿದ್ದು ಮೆಣಸಿನಕಾಯಿಯ ಖಾರದ ಅಂಶವನ್ನು. ಖಾರಕ್ಕೆ ಉರಿ ಅನ್ನುವ ನರದ ಬಾಗಿಲೇ ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಉರಿ ಅನ್ನುತ್ತದೆ. ಅಂದರೆ ಪೇಪರ್ ಕಪ್ ಹಿಡಿದ ನಮ್ಮ ಬೆರಳು ಒಂದು ಲೆಕ್ಕದಲ್ಲಿ ಮೆಣಸಿನಕಾಯಿ ತಿನ್ನುತ್ತಿರುತ್ತದೆ. ಅಂಚು ಹೊರಕ್ಕೆ ಮಡಿಚಿರುವ ಲೋಟ, ಕೆಳಗೊಂದು ಬಟ್ಟಲು, ಅದನ್ನು ಮಾಡಿದವರಿಗೆ ಯಾವ ಬಹುಮಾನವೂ ಬರಲಿಲ್ಲ. ಬಟ್ಟಲು ಲೋಟ ಬಾಡಿಗೆಗೆ ಸಿಗುತ್ತದೆ. ತೊಳೆಯಲು ಇಬ್ಬರು ಜಾಸ್ತಿ ಬೇಕು, ಅಷ್ಟೇ ಖರ್ಚು.

ಕೈ ತೊಳೆಯುವ ಜಾಗದ ಬಗ್ಗೆ ಒಂದೇ ಮಾತು: ಒರೆಸಿಕೊಳ್ಳಲು ಏನಾದರೂ ಇಡಿ. ಒದ್ದೆ ಆದ ಕೂಡಲೇ ಬೆರಳಿಗೆ ಅಂಟಿ ಹರಿಯುವ ಆ ಟಿಶ್ಯೂ ಮಾತ್ರ ಬೇಡ.

ಅರವತ್ತರ ಶಾಂತಿಯೊಂದಕ್ಕೆ ಕಣ್ಣು ಕಾಣದ ಹಿರಿಯರೊಬ್ಬರು ಬರುವವರಿದ್ದರು. ಯಜಮಾನರ ಹಳೆಯ ಸ್ನೇಹಿತರು, ಸಂಗೀತದ ಮೇಷ್ಟ್ರಾಗಿ ನಿವೃತ್ತರಾದವರು. ಅವರನ್ನು ಕರೆತರಲು ನಮ್ಮ ಹುಡುಗ ಕೈ ಹಿಡಿಯಲು ಹೋದಾಗ "ನೀನು ನನ್ನನ್ನ ಹಿಡೀಬೇಡಪ್ಪ, ನಾನೇ ನಿನ್ನ ಮೊಣಕೈ ಹಿಡ್ಕೋತೀನಿ" ಅಂದರು. ಹಾಗೆ ಹಿಡಿದರೆ ಮುಂದೆ ಹೋಗುವವನ ಮೈ ಎಲ್ಲಿ ಇಳಿಯಿತು, ಎಲ್ಲಿ ತಿರುಗಿತು ಅಂತ ಅರ್ಧ ಹೆಜ್ಜೆ ಮೊದಲೇ ಗೊತ್ತಾಗುತ್ತದಂತೆ. ಎಳೆದುಕೊಂಡು ಹೋದರೆ ಏನೂ ಗೊತ್ತಾಗುವುದಿಲ್ಲ.

ಊಟಕ್ಕೆ ಅವರ ಪಕ್ಕ ನಾನೇ ನಿಂತೆ, ಬಡಿಸಿದ್ದನ್ನೆಲ್ಲ ಹೇಳೋಣ ಅಂತ. ಅವರಿಗೆ ಬೇಕಾಗಲೇ ಇಲ್ಲ. ಎಲೆ ಹಾಕಿದ ಕೂಡಲೇ ಎರಡೂ ಕೈಯಿಂದ ಅಂಚು ಸವರಿ, ಚೂಪಾದ ತುದಿ ಎಡಕ್ಕಿದೆ ಅಂತ ನೋಡಿಕೊಂಡರು. ನೀರು ಚಿಮುಕಿಸಿ ಒರೆಸುವಾಗ ನಡುವಿನ ದಿಂಡಿನ ಮೇಲೆ ಬೆರಳು ಓಡಿಸಿದರು. "ದಿಂಡಿನ ಆಚೆ ಪಲ್ಯ ಕೋಸಂಬರಿ, ಈಚೆ ಅನ್ನ. ಎಡಗಡೆ ತುದೀಲಿ ಉಪ್ಪು. ನಮ್ಮಜ್ಜಿ ಕಾಲದಿಂದ ಬದಲಾಗಿಲ್ಲವಲ್ಲಮ್ಮ." ಬಡಿಸುವ ಕ್ರಮ ಒಂದೇ ಆದ್ದರಿಂದ ಅವರ ಕೈಗೆ ಇಡೀ ಎಲೆಯ ನಕ್ಷೆ ಗೊತ್ತು. ಸಾರಿನ ಅನ್ನಕ್ಕೆ ಕಟ್ಟೆ ಕಟ್ಟಿ, ಒಂದು ತೊಟ್ಟು ಆಚೆ ಹೋಗದಂತೆ ಉಂಡರು. ಪಕ್ಕದಲ್ಲಿ ಕೂತ ನಮ್ಮ ಹುಡುಗನ ಸಾರು ಟೇಬಲ್ ಪೇಪರ್ ಮೇಲೆ ಓಡುತ್ತಿತ್ತು. ಬಫೆ ಅಂದರೆ ತನಗೆ ನರಕ ಅಂದರು. ತಟ್ಟೆ ಹಿಡಿದು ನಿಂತರೆ ಯಾರೋ ಏನನ್ನೋ ಎಲ್ಲೋ ಹಾಕುತ್ತಾರೆ, ಜಾಮೂನಿನ ಪಾಕ ಹೋಗಿ ಪಲಾವ್ ಸೇರುತ್ತದೆ.

ಆಮೇಲೆ ನಾನು ಬಫೆಗೆ ಒಪ್ಪಿದರೂ ಒಂದು ಚಿಕ್ಕ ಎಲೆ ಪಂಕ್ತಿ ಇಡಲೇಬೇಕು ಅಂತ ಹೇಳುತ್ತೇನೆ. ಪೇಪರ್ ಎಲೆ ಆಗುವುದಿಲ್ಲ. ಬಾಳೆ ಎಲೆಯ ಚಿತ್ರ ಮಾತ್ರ ಅದರ ಮೇಲೆ ಇರುತ್ತದೆ, ಬೆರಳಿಗೆ ಸಿಗುವ ದಿಂಡು ಇರುವುದಿಲ್ಲ.

ತಾಂಬೂಲದ ಚೀಲಕ್ಕೆ ಬರೋಣ. ಚೀಲ ಕೈಗೆ ಬಂದ ಮೇಲೆ ಹೆಂಗಸರು ಮಾಡುವ ಮೊದಲ ಕೆಲಸ ಏನು ಗೊತ್ತಾ? ತೆರೆದು ನೋಡುವುದಲ್ಲ. ಕೈ ಒಳಗೆ ಹಾಕಿ ಬ್ಲೌಸ್ ಪೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒಮ್ಮೆ ಉಜ್ಜುವುದು. ಪಾಲಿಯೆಸ್ಟರೋ ಕಾಟನ್ನೋ ಅಂತ ಅಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಪಾಲಿಯೆಸ್ಟರ್ ಆದರೆ ಅದನ್ನು ಯಾರೂ ಹೊಲಿಸುವುದಿಲ್ಲ. ಅದು ಬೀರುವಿನಲ್ಲಿ ಕೂತು, ಮುಂದಿನ ಗೌರಿ ಹಬ್ಬಕ್ಕೆ ಇನ್ನೊಬ್ಬರ ಬಾಗಿನಕ್ಕೆ ಸೇರಿ, ಅಲ್ಲಿಂದ ಮುಂದಿನ ಮನೆಗೆ ಹೊರಡುತ್ತದೆ. ಅದೇ ಹಣದಲ್ಲಿ ಅರ್ಧ ಜನಕ್ಕೆ ಆಗುವಷ್ಟು ಒಳ್ಳೆಯದು ಬರುತ್ತದೆ ಅಂತಾದರೆ, ಮನೆಗೊಂದು ಕೊಡಿ ಸಾಕು ಅನ್ನುತ್ತೇನೆ. ಗುಳೇದಗುಡ್ಡದ ಖಣ ಕೊಟ್ಟು ನೋಡಿ. ಅದರ ನೇಯ್ಗೆಯ ಚಿತ್ತಾರ ಬೆರಳಿಗೆ ಸಣ್ಣಗೆ ಸಿಗುತ್ತದೆ, ಜನ ಮಾತಾಡುತ್ತಲೇ ಅದನ್ನು ಸವರುತ್ತಾ ನಿಂತಿರುತ್ತಾರೆ.

ಮಕ್ಕಳಿಗೆ ನನ್ನದು ಯಾವಾಗಲೂ ಚನ್ನಪಟ್ಟಣದ ಆಟಿಕೆ. ಹಾಲೆ ಮರವನ್ನು ಲೇತ್‌ನಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣ ಗರಿ ಒತ್ತಿ ಹೊಳಪು ತರುತ್ತಾರೆ. ಮೂಲೆ ಇಲ್ಲ, ಚೂಪಿಲ್ಲ. ಮೈಸೂರು ಬೆಂಗಳೂರು ರಸ್ತೆಯಲ್ಲೇ ಇರುವ ಊರು, ತರಿಸುವುದು ಕಷ್ಟವೂ ಅಲ್ಲ. ನಾಮಕರಣದಲ್ಲಿ ಬುಗುರಿ ಹಂಚಿದರೆ ಮಕ್ಕಳು ನೆಲದ ಮೇಲೆ, ದೊಡ್ಡವರು ಊಟದ ಟೇಬಲ್ ಮೇಲೆ ತಿರುಗಿಸುತ್ತಾರೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರೊಬ್ಬರು "ಒಂದು ಜಾಸ್ತಿ ಇದೆಯಾ" ಅಂತ ಮೆಲ್ಲಗೆ ಕೇಳಿಕೊಂಡು ಹೋದರು.

ಎಲ್ಲರಿಗೂ ಎಲ್ಲ ಸ್ಪರ್ಶವೂ ಇಷ್ಟ ಆಗುವುದಿಲ್ಲ ಅನ್ನುವುದನ್ನೂ ಬರೆಯಲೇಬೇಕು. 1984ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. ಹೋಟೆಲಿನಲ್ಲಿ ಬಡಿಸುವ ಹೆಣ್ಣುಮಗಳು ಚಿಲ್ಲರೆ ವಾಪಸ್ ಕೊಡುವಾಗ ಗಿರಾಕಿಯ ಅಂಗೈ ಅಥವಾ ಭುಜ ಒಂದು ಕ್ಷಣ ಮುಟ್ಟಿದರೆ ಟಿಪ್ಸ್ ಜಾಸ್ತಿ ಬಂತಂತೆ. ಇವೆಂಟ್ ಮ್ಯಾನೇಜ್‌ಮೆಂಟ್ ಕಲಿಸುವವರು ಇಂಥದ್ದನ್ನು ತಂದು ಇಲ್ಲಿ ಪಾಠ ಮಾಡುತ್ತಾರೆ. ನಮ್ಮ ಪಂಕ್ತಿಯಲ್ಲಿ ಸಾಂಬಾರ್ ಬಡಿಸುವ ಹುಡುಗ ಭುಜ ಮುಟ್ಟಿದರೆ ಏನಾಗುತ್ತದೆ ಅಂತ ನೀವೇ ಊಹಿಸಿಕೊಳ್ಳಿ. ನಮ್ಮ ತಂಡಕ್ಕೆ ನನ್ನ ನಿಯಮ: ವಸ್ತು ಕೊಡಿ, ಮೈ ಮುಟ್ಟಬೇಡಿ. ಗಂಧ ಹಚ್ಚುವುದು, ಹೂ ಮುಡಿಸುವುದು ಮನೆಯವರ ಕೆಲಸ, ಅದೂ ಬಂದವರು ಕೈ ಚಾಚಿದರೆ. ಇಲ್ಲದಿದ್ದರೆ ಬಟ್ಟಲು ಮುಂದೆ ಹಿಡಿದರೆ ಸಾಕು, ಬೇಕಾದವರು ಅವರೇ ಹಚ್ಚಿಕೊಳ್ಳುತ್ತಾರೆ. ಪುಟ್ಟ ಮಕ್ಕಳ ಕೆನ್ನೆ ಹಿಂಡುವ ನೆಂಟರಿಂದ ಆ ಮಕ್ಕಳನ್ನು ಕಾಪಾಡುವ ಉಪಾಯ ಮಾತ್ರ ನನಗೆ ಇನ್ನೂ ಹೊಳೆದಿಲ್ಲ. ಬುಗುರಿ ಕೊಟ್ಟು ಆ ನೆಂಟರ ಕೈಗೇ ಕೆಲಸ ಹಚ್ಚುವುದು ಸದ್ಯಕ್ಕೆ ಇರುವ ದಾರಿ.

ಈಗ ಕೈಯಲ್ಲಿರುವುದು ಮೇ ತಿಂಗಳ ಒಂದು ಗೃಹಪ್ರವೇಶ. ಊಟ ತಾರಸಿಯ ಮೇಲೆ, ಎಲೆ ಊಟ, ನೆಲದ ಪಂಕ್ತಿ. ನೆರಳಿಗೆ ಶಾಮಿಯಾನ ಇದೆ. ಆದರೆ ಮೆಟ್ಟಿಲಿನಿಂದ ಪಂಕ್ತಿಯವರೆಗೆ ಹದಿನೈದು ಅಡಿ ಬಿಸಿಲಲ್ಲೇ ನಡೆಯಬೇಕು, ಅದೂ ಬರಿಗಾಲಲ್ಲಿ. ಅಲ್ಲಿಗೆ ಮಗನಿಗೆ ಪ್ಲಾಸ್ಟಿಕ್ ಹುಲ್ಲು ಹಾಸಬೇಕು, ಹಸಿರಾಗಿ ಚೆನ್ನಾಗಿ ಕಾಣುತ್ತದೆ ಅಂತ. ಅಪ್ಪನಿಗೆ ಅವರ ಮನೆಯಲ್ಲೇ ಇರುವ ನವಲಗುಂದದ ಜಮಖಾನ ಆಗಬೇಕು, ಅವರ ತಾಯಿ ಧಾರವಾಡ ಕಡೆಯವರು. ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಎಷ್ಟು ಕಾಯುತ್ತದೆ ಅಂತ ನಾನು ಹೇಳಿದರೆ ಮಗ ನಂಬುತ್ತಿಲ್ಲ. ಜಮಖಾನಕ್ಕೆ ಸಾರು ಚೆಲ್ಲಿದರೆ ಯಾರು ತೊಳೆಯುವುದು ಅಂತ ಸೊಸೆಯ ಪ್ರಶ್ನೆ. ಅದೂ ನ್ಯಾಯವೇ. ಭಾನುವಾರ ಮಧ್ಯಾಹ್ನ ಎರಡನ್ನೂ ತಾರಸಿಯ ಮೇಲೆ ಹಾಸಿಡಲು ಹೇಳಿದ್ದೇನೆ. ಒಂದು ಗಂಟೆಗೆ ಎಲ್ಲರೂ ಬರಬೇಕು, ಚಪ್ಪಲಿ ಕೆಳಗೆ ಬಿಟ್ಟು.